ತುಕ್ಕು ಹಿಡಿಯದ ತಾಟು

ಹೋದ ತಿಂಗಳು ಜವಳಗೇರಾದ ಒಂದು ಮನೆಯಲ್ಲಿ ನೀರಿನ ಲೋಟ ಬಾಯಿಗಿಟ್ಟವಳು ಹಾಗೆಯೇ ಕೆಳಗಿಳಿಸಿದೆ. ನೀರಿಗೆ ತುಕ್ಕಿನ ವಾಸನೆಯಿತ್ತು. ಮಳೆಗೆ ನೆನೆದ ಕಿಟಕಿಯ ಸರಳು, ಹಿತ್ತಲಲ್ಲಿ ಬಿದ್ದ ಹಳೆಯ ಬಕೀಟು, ಇಂಥವುಗಳಿಂದ ಬರುವ ವಾಸನೆ ಅದು. ಯಾರೂ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ನನಗೆ ಮಾತ್ರ ಕಿವಿ ಬಿಸಿಯಾದವು. ವಯಸ್ಸಾದ ಮೇಲೆ ಸಿಟ್ಟು ತಣ್ಣಗಾಗುತ್ತದೆ ಎಂದು ಹೇಳುವವರು ನನ್ನ ಮನೆಯಲ್ಲಿ ಎರಡು ದಿನ ಇದ್ದು ನೋಡಬೇಕು.

ಮನೆ ಮಲ್ಲವ್ವನದು. ಅವಳ ತಾಯಿ ಈರವ್ವ ತೀರಿಕೊಂಡ ಸುದ್ದಿ ನನಗೆ ತಡವಾಗಿ ತಿಳಿದಿತ್ತು. ಸಿಂಧನೂರಿಗೆ ಒಂದು ಮದುವೆಗೆ ಬಂದವಳು, ಮಾತಾಡಿಸಿಕೊಂಡು ಹೋಗೋಣವೆಂದು ಬಸ್ಸು ಹತ್ತಿದ್ದೆ. ನನಗೆ ನೀರು ಕೊಟ್ಟು ಮಲ್ಲವ್ವ ಚಹಾ ಮಾಡಲು ಒಳಗೆ ಹೋದಳು. ನಾನು ಲೋಟ ಹಿಡಿದು ಕೂತೆ, ಎಪ್ಪತ್ತರ ದಶಕ ಶುರುವಾದ ಹೊಸತರ ಒಂದು ಬೇಸಿಗೆ ಪೂರ್ತಿಯಾಗಿ ನೆನಪಿಗೆ ಬಂತು.

ಆಗ ನಾನು ಲಿಂಗಸುಗೂರಿನಲ್ಲಿದ್ದೆ. ಧಾರವಾಡದಲ್ಲಿ ರಸಾಯನಶಾಸ್ತ್ರ ಓದಿ, ಕುಡಿಯುವ ನೀರು ಪರೀಕ್ಷಿಸುವ ನೌಕರಿ ಹಿಡಿದು, ಮೊದಲ ನೇಮಕದಲ್ಲೇ ಅಲ್ಲಿಗೆ ಹೋಗಿ ಬಿದ್ದಿದ್ದೆ. ಲ್ಯಾಬು ಎಂದರೆ ತಗಡಿನ ಮಾಡಿನ ಒಂದು ಕೋಣೆ. ಮಧ್ಯಾಹ್ನ ಫ್ಯಾನು ಹಚ್ಚಿದರೆ ಒಲೆಯ ಮುಂದೆ ಕೂತ ಹಾಗಾಗುತ್ತಿತ್ತು, ಬಂದ್ ಮಾಡಿದರೆ ಒಲೆಯೊಳಗೇ ಕೂತ ಹಾಗೆ. ಒಬ್ಬ ಹೆಣ್ಣುಮಗಳು ಗಾಜಿನ ನಳಿಗೆಯಲ್ಲಿ ನೀರು ಅಲ್ಲಾಡಿಸಿ ನೋಡುವುದನ್ನು ನೋಡಲು ಕಚೇರಿಯ ಮಂದಿ ಬಾಗಿಲಲ್ಲಿ ನಿಲ್ಲುತ್ತಿದ್ದರು. ನನ್ನ ಸಾಹೇಬರ ಲೆಕ್ಕದಲ್ಲಿ ನೀರು ಎರಡೇ ಬಗೆ: ಇದ್ದದ್ದು ಮತ್ತು ಇಲ್ಲದ್ದು. ಅದರೊಳಗೆ ಏನಿದೆ ಎಂದು ಕೇಳುವವರನ್ನು ಕಂಡರೆ ಅವರಿಗೆ ತಲೆಶೂಲೆ ಬರುತ್ತಿತ್ತು.

ಒಂದು ದಿನ ಆ ಬಾಗಿಲಲ್ಲಿ ನಿಂತವರನ್ನೆಲ್ಲ ಸರಿಸಿಕೊಂಡು ಈರವ್ವ ಒಳಗೆ ಬಂದಳು. ಎತ್ತರದ ಹೆಂಗಸು, ಮಣ್ಣು ಹೊತ್ತು ಹೊತ್ತು ನೆತ್ತಿಯ ಕೂದಲು ಸವೆದಿತ್ತು. ಸೆರಗಿನೊಳಗಿಂದ ಸೀಮೆಎಣ್ಣೆಯ ಬಾಟಲಿ ತೆಗೆದು ನನ್ನ ಮೇಜಿನ ಮೇಲೆ ಇಟ್ಟಳು. ಒಳಗೆ ನಿಂಬೆಹಣ್ಣಿನ ಸಿಪ್ಪೆಯ ಬಣ್ಣದ ನೀರು.

"ಅಕ್ಕಾರ, ಇದು ನಮ್ಮ ಬಾವಿ ನೀರು. ಇದ್ರಾಗ ಏನೈತಿ ನೋಡಿ ಹೇಳ್ರಿ. ನಮ್ಮ ಕ್ಯಾಂಪಿನ್ಯಾಗ ಎಲ್ಲಾರ ಬಾಯಾಗ ಹುಣ್ಣಾಗ್ಯಾವ. ಹೊಟ್ಟಿ ಅಂತೂ ಬೆಂಕಿ ಬಿದ್ದಂಗ ಉರಿತೈತಿ."

"ಈ ಬಣ್ಣ ನೋಡಿನೂ ಕುಡಿತೀರೇನು?" ಎಂದೆ.

"ಮತ್ತೇನ್ ಕುಡೀಬೇಕ್ರಿ? ಸುತ್ತಾಕಡಿ ಎಲ್ಲಾ ಬಾವಿ ಸವಳು. ನಮ್ಮದೊಂದ ಸಿಹಿ. ಮಣ್ಣು ಹಳದಿ ಐತಿ, ಅದಕ್ಕ ನೀರೂ ಹಳದಿ ಅಂತ ಕುಡ್ಕೊಂತ ಬಂದೀವಿ."

ಗುಮಾನಿ ಬಂದು ಒಂದು ಪರೀಕ್ಷೆ ಮಾಡಿದೆ. ಆಮ್ಲ ಹಾಕಿ, ಅದಕ್ಕೆಂದೇ ಇರುವ ದ್ರಾವಣದ ಎರಡು ಹನಿ ಬಿಟ್ಟೆ. ನೀರು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತು. ಕ್ರೋಮಿಯಂ, ಅದರಲ್ಲೂ ಕೆಟ್ಟ ಜಾತಿಯದು. ಓದುವಾಗ ಕಾಲೇಜಿನಲ್ಲಿ ಕಂಡಿದ್ದ ಆ ಬಣ್ಣವನ್ನು ಮನುಷ್ಯರು ಕುಡಿಯುವ ನೀರಿನಲ್ಲಿ ನೋಡುತ್ತೇನೆಂದು ಅಂದುಕೊಂಡಿರಲಿಲ್ಲ. ನನಗೆ ಹೆದರಿಕೆಯಾಯಿತು, ಅದರ ಬೆನ್ನಿಗೇ ಸಿಟ್ಟು ಬಂತು.

ಮರುದಿನ ಅವಳ ಜೊತೆ ಬಸ್ಸಿನಲ್ಲಿ ಹೋದೆ. ಮಸ್ಕಿ ದಾಟಿ ಬಳಗಾನೂರಿನ ಕಡೆ ಹೊರಳಿದರೆ ಎಡದಂಡೆ ಕಾಲುವೆಯ ಬದಿಗೆ ಅವರ ವಸ್ತಿ. ವರ್ಕ್‌ಶಾಪ್ ಕ್ಯಾಂಪು ಎಂದು ಕರೆಯುತ್ತಿದ್ದರು. ಕಾಲುವೆ ತೋಡುವಾಗ ಒಬ್ಬ ಗುತ್ತಿಗೆದಾರ ಅಲ್ಲಿ ತನ್ನ ಮಣ್ಣೆಳೆಯುವ ಯಂತ್ರಗಳ ರಿಪೇರಿ ನಡೆಸಿದ್ದ. ಸವೆದ ಕಬ್ಬಿಣದ ದಂಡಗಳನ್ನು ಒಂದು ತೊಟ್ಟಿಯಲ್ಲಿ ಮುಳುಗಿಸಿ, ಕರೆಂಟು ಹರಿಸಿ, ಅವುಗಳ ಮೇಲೆ ಕ್ರೋಮಿಯಂ ಲೇಪ ಏರಿಸುತ್ತಿದ್ದರು. ಕೆಲಸ ಮುಗಿದ ಮೇಲೆ ಯಂತ್ರ ಹೋದವು, ತೊಟ್ಟಿಯ ನೀರನ್ನು ಹಿಂದಿನ ಗುಂಡಿಗೆ ಸುರುವಿ ಗುತ್ತಿಗೆದಾರನೂ ಹೋದ. ಗುಂಡಿಯ ಮಗ್ಗುಲಿಗೇ ಬಾವಿ. ಮಣ್ಣು ಹೊರಲು ಬಂದ ಮಂದಿ ಮಾತ್ರ ಅಲ್ಲೇ ನಿಂತರು.

ಈರವ್ವನ ಗಂಡ ದುರುಗಪ್ಪ ಆ ತೊಟ್ಟಿಯ ಕೆಲಸ ಮಾಡಿದವನು. ಈಗ ವಳಕಮದಿನ್ನಿಯ ಒಬ್ಬ ರೈತನ ಟ್ರ್ಯಾಕ್ಟರು ಹೊಡೆಯುತ್ತಿದ್ದ. ಬೆರಳ ಸಂದಿನಲ್ಲಿ ಮೊಳೆ ಹೊಡೆದಂಥ ಗುಂಡನೆಯ ತೂತುಗಳು, ಎಂದೂ ಮಾಯದವು. ಕೈ ತೋರಿಸಿ ನಕ್ಕು, "ಆ ತೊಟ್ಟಿಯೊಳಗ ಇಳಿಸಿದ ಕಬ್ಬಿಣ ಕನ್ನಡಿ ಆಗ್ತಿತ್ರಿ ಅಕ್ಕಾರ. ನನ್ನ ಕೈ ಒಂದ ಹೊಳಪು ಬರಲಿಲ್ಲ" ಎಂದ. ಅವನ ನಗುವಿಗೆ ನಾನು ನಗಲಿಲ್ಲ.

ಸಾಹೇಬರಿಗೆ ಹೇಳಿದೆ. ಅವರು ತಲೆಯೆತ್ತದೆ, "ಬಾವಿ ಮುಚ್ಚಿಸಿಬಿಡೋಣ" ಎಂದರು.

"ಮುಚ್ಚಿಸಿದ ಮೇಲೆ ಕುಡಿಯುವುದು ಏನು?"

"ಕಾಲುವೆ ಇದೆಯಲ್ಲ."

ಬೇಸಿಗೆಯಲ್ಲಿ ಕಾಲುವೆಗೆ ನೀರು ಬಿಡುವುದಿಲ್ಲವೆಂಬುದು ಅಲ್ಲಿಯ ದನಕಾಯುವವನಿಗೂ ಗೊತ್ತು. ಆಗಲೇ ಕಾಲುವೆಯ ತಳದಲ್ಲಿ ಹಸಿರು ಮಡುಗಳಷ್ಟೇ ಉಳಿದು, ಎಮ್ಮೆಗಳು ಹೊರಳಾಡುತ್ತಿದ್ದವು. ಬಾವಿ ಮುಚ್ಚಿದರೆ ಕ್ಯಾಂಪು ಒಡೆದ ಹಾಗೆಯೇ. ಈರವ್ವನಿಗೆ ಇದು ನನಗಿಂತ ಚೆನ್ನಾಗಿ ತಿಳಿದಿತ್ತು.

"ಕಾಲಿವಿ ಎಲ್ಲಿಗೆ ಹೋತೋ ಅಲ್ಲಿಗೆ ನಾವೂ ಹೋದ್ವಿ. ಜೋಪಡಿ ಕಟ್ಟೂದು, ಬಿಚ್ಚೂದು. ಗ್ವಾಡಿ ಇರೋ ಮನಿ ಅಂತ ಕಟ್ಟಿದ್ದು ಇದೊಂದ ರೀ ಅಕ್ಕಾರ. ಮಲ್ಲವ್ವನ ಲಗ್ನ ಈ ಅಂಗಳದಾಗ ಆಗ್ಬೇಕು. ಬಾವಿ ಮುಚ್ಚಬ್ಯಾಡ್ರಿ. ನೀರು ಚಲೋ ಮಾಡಾಕ ಬರ್ತೈತೇನು ನೋಡ್ರಿ."

ಬರುತ್ತಿತ್ತು. ಕಾಲೇಜಿನಲ್ಲಿ ನಮ್ಮ ಗುರುಗಳು ಒಮ್ಮೆ ಮಾಡಿ ತೋರಿಸಿದ್ದರು. ಹಳದಿ ನೀರಿನಲ್ಲಿ ಎರಡು ಕಬ್ಬಿಣದ ತಗಡು ಇಳಿಬಿಟ್ಟು ಬ್ಯಾಟರಿಯ ಕರೆಂಟು ಹರಿಸಬೇಕು. ಕಬ್ಬಿಣ ಸ್ವಲ್ಪಸ್ವಲ್ಪವೇ ಕರಗಿ ನೀರಿಗೆ ಇಳಿಯುತ್ತದೆ. ಕರಗಿದ ಕಬ್ಬಿಣವು ಕೆಟ್ಟ ಕ್ರೋಮಿಯಮ್ಮಿನ ಹಲ್ಲು ಮುರಿದು, ಅದನ್ನು ಕಟ್ಟಿಕೊಂಡು ಕೆಸರಾಗಿ ತಳಕ್ಕೆ ಕೂರುತ್ತದೆ. ಮೇಲಿನ ನೀರನ್ನು ಮರಳಿನಲ್ಲಿ ಸೋಸಿದರೆ ಆಯಿತು. ಕರೆಂಟಿನಿಂದ ಬಂದ ಪೀಡೆಯನ್ನು ಕರೆಂಟಿನಿಂದಲೇ ಕಳಿಸಬಹುದು ಎಂದು ಯೋಚಿಸಿ ನನಗೆ ಬಹಳ ಹುರುಪು ಬಂದಿತ್ತು.

ಸಾಹೇಬರು ಬೇಡವೆನ್ನಲಿಲ್ಲ, ಬೇಕು ಎಂದೂ ಅನ್ನಲಿಲ್ಲ. ನಾನು ರಜೆಯ ದಿನಗಳನ್ನೆಲ್ಲ ಕ್ಯಾಂಪಿನಲ್ಲಿ ಕಳೆದೆ. ದುರುಗಪ್ಪ ಟ್ರ್ಯಾಕ್ಟರಿನ ಬ್ಯಾಟರಿ ಬಿಚ್ಚಿ ತಂದ, ಮುರಿದು ಬಿದ್ದ ಟಿಪ್ಪರಿನ ತಗಡನ್ನು ಕತ್ತರಿಸಿದ. ಹೆಂಗಸರು ಮಣ್ಣಿನ ದೊಡ್ಡ ಹರವಿಗಳಿಗೆ ಮರಳು ತೊಳೆದು ತುಂಬಿದರು. ಸಿಮೆಂಟಿನ ತೊಟ್ಟಿಯಲ್ಲಿ ಬಾವಿಯ ನೀರು ತುಂಬಿ ತಂತಿ ಜೋಡಿಸಿದಾಗ ತಗಡಿನ ಸುತ್ತ ಸಣ್ಣ ಗುಳ್ಳೆಗಳು ಎದ್ದವು, ಆಮೇಲೆ ನೀರು ಸಗಣಿ ಕದಡಿದಂತೆ ಹಸಿರು ಕಂದಾಯಿತು. ಸುತ್ತ ನಿಂತವರ ಮುಖ ಹುಳ್ಳಗಾದವು.

"ಹಳದಿ ಇದ್ದದ್ದನ್ನ ಗಟಾರ ಮಾಡಿಟ್ರಿ ನೋಡ್ರಿ" ಎಂದ ಒಬ್ಬ ಮುದುಕ.

ಕೆಸರು ಕೂತು, ನೀರು ಹರವಿಯ ಮರಳಿನಿಂದ ಇಳಿದು ಬಂದಾಗ ನಾನು ಗಾಜಿನ ಲೋಟದಲ್ಲಿ ಹಿಡಿದು ಬಿಸಿಲಿಗೆ ತೋರಿಸಿದೆ. ಬಣ್ಣವೇ ಇಲ್ಲ. ದ್ರಾವಣ ಬಿಟ್ಟೆ, ನೇರಳೆ ಏಳಲಿಲ್ಲ. ಅವರೆದುರಿಗೆ ಮೊದಲು ನಾನೇ ಕುಡಿದೆ. ಈರವ್ವ ನನ್ನ ಗಲ್ಲ ಹಿಡಿದು ಲಟಿಕೆ ಮುರಿದಳು.

ಅಲ್ಲಿಗೆ ಕಥೆ ಮುಗಿದಿದ್ದರೆ ನಾನು ಇಂದಿಗೆ ಒಳ್ಳೆಯ ಸ್ವಭಾವದ ಮುದುಕಿಯಾಗಿರುತ್ತಿದ್ದೆನೋ ಏನೋ. ಮಾರನೆಯ ವಾರ ಹೋದರೆ ಅರ್ಧ ಕ್ಯಾಂಪು ಮತ್ತೆ ಹಳದಿ ನೀರನ್ನೇ ಕುಡಿಯುತ್ತಿತ್ತು. ಕಾರಣ ಚಹಾ! ನೀರಿನಲ್ಲಿ ಚೂರು ಕಬ್ಬಿಣ ಉಳಿದರೂ ಚಹಾ ಕಪ್ಪಗಾಗುತ್ತದೆ. ಬಂದ ಬೀಗರ ಮುಂದೆ ಮಸಿಯಂಥ ಚಹಾ ಇಟ್ಟು ಮರ್ಯಾದೆ ಹೋಯಿತಂತೆ. ಹೊಟ್ಟೆಯೊಳಗೆ ಬೆಂಕಿ ಬಿದ್ದರೂ ನಡೆದೀತು, ಬೀಗರ ಚಹಾ ಮಾತ್ರ ಕೆಂಪಗಿರಬೇಕು. ನಾನು ಬಾಯಿಗೆ ಬಂದಂತೆ ಬೈದೆ. ಬೈದು ಮುಗಿಸಿ, ನೀರನ್ನು ಎತ್ತರದಿಂದ ಸುರಿದು ಇನ್ನಷ್ಟು ಹೊತ್ತು ತಿಳಿಯಾಗಲು ಬಿಡುವುದನ್ನು ಕಲಿಸಿದೆ. ಚಹಾದ ಬಣ್ಣ ಸುಧಾರಿಸಿತು, ಮಂದಿ ಮರಳಿದರು.

ಆದರೂ ಒಂದು ಮಾತು ನಿಲ್ಲಲಿಲ್ಲ. ತಗಡುಗಳು ತುಕ್ಕು ಹಿಡಿದು, ಅಂಚು ಹರಿದು, ಇಲಿ ಕಡಿದ ರೊಟ್ಟಿಯ ಹಾಗೆ ಕಾಣುತ್ತಿದ್ದವು. ತೊಟ್ಟಿಯ ಸುತ್ತ ತುಕ್ಕಿನ ವಾಸನೆ. ಈರವ್ವನಿಗೆ ಅದನ್ನು ನೋಡಿದರೆ ಆಗುತ್ತಿರಲಿಲ್ಲ. ಅವಳ ಮನೆಯಲ್ಲಿ ಬಚ್ಚಲ ಕಲ್ಲು ಕೂಡ ಹೊಳೆಯುತ್ತಿತ್ತು.

"ಕುಡಿಯೋ ನೀರಾಗ ತುಕ್ಕು ಹಿಡಿದ ತಗಡು ಇಡೂದು ಯಾವ ಶಾಸ್ತ್ರರೀ ಅಕ್ಕಾರ?"

"ಕಬ್ಬಿಣ ಕರಗಬೇಕು ಈರವ್ವ. ಕರಗಿದರಷ್ಟೇ ವಿಷ ಹೋಗುತ್ತದೆ" ಎಂದು ಹತ್ತಾರು ಸಲ ಹೇಳಿದ್ದೆ. "ಹೂಂರಿ, ಕಬ್ಬಿಣ ಕರಗಬೇಕು" ಎಂದು ಅವಳೂ ಒಪ್ಪಿಕೊಳ್ಳುತ್ತಿದ್ದಳು.

ರಾಯಚೂರಿನಿಂದ ದೊಡ್ಡ ಸಾಹೇಬರು ಬಂದು ನೋಡುವುದೆಂದು ಗೊತ್ತಾಯಿತು. ಅವರು ಒಪ್ಪಿದರೆ ಬಾವಿ ಉಳಿಯುತ್ತದೆ, ಕರೆಂಟಿನ ಕಂಬ ಬರುತ್ತದೆ, ಗಟ್ಟಿ ತೊಟ್ಟಿ ಕಟ್ಟುತ್ತಾರೆ. ಒಪ್ಪದಿದ್ದರೆ ಬಾವಿಯ ಬಾಯಿಗೆ ಕಲ್ಲುಚಪ್ಪಡಿ. ನಾನು ಕ್ಯಾಂಪಿನವರಿಗೆ ಎಲ್ಲ ತಿಳಿಸಿ, ಹಿಂದಿನ ದಿನವೇ ನೀರು ಸಿದ್ಧ ಮಾಡಿ ಹರವಿಯಲ್ಲಿ ಇಳಿಸಿಡಲು ಹೇಳಿ, ಲಿಂಗಸುಗೂರಿಗೆ ಬಂದೆ. ಸಾಹೇಬರ ಜೀಪಿನಲ್ಲೇ ಬರಬೇಕೆಂದು ಹುಕುಂ ಆಗಿತ್ತು.

ಬೆಳಿಗ್ಗೆ ಜೀಪು ಕ್ಯಾಂಪಿನ ಮುಂದೆ ನಿಂತಾಗ ನನಗೆ ಗುರುತೇ ಸಿಗಲಿಲ್ಲ. ಅಂಗಳಗಳಿಗೆ ಸಗಣಿ ಸಾರಿಸಿ ರಂಗೋಲಿ ಹಾಕಿದ್ದರು. ತೊಟ್ಟಿಗೆ ಸುಣ್ಣ ಬಳಿದು ಬೇವಿನ ತೋರಣ ಕಟ್ಟಿದ್ದರು. ಎಲ್ಲೂ ತುಕ್ಕಿನ ಕಲೆಯಿಲ್ಲ. ದೊಡ್ಡ ಸಾಹೇಬರು ಬೆಂಗಳೂರು ಕಡೆಯವರು, ಬಿಳಿ ಅಂಗಿ ಹಾಕಿದ್ದರು. ತೊಟ್ಟಿಯೊಳಗೆ ಬಗ್ಗಿ ನೋಡಿ ತಲೆದೂಗಿದರು.

"ಪರವಾಗಿಲ್ಲ ಕಣಮ್ಮ. ನಾನು ಏನೋ ಗುಜರಿ ಸಾಮಾನು ಇಟ್ಟಿರ್ತಾರೆ ಅಂದ್ಕೊಂಡಿದ್ದೆ. ಎಷ್ಟು ನೀಟಾಗಿದೆ!"

ನಾನೂ ಬಗ್ಗಿ ನೋಡಿದೆ. ತಗಡುಗಳ ಜಾಗದಲ್ಲಿ ಎರಡು ಸ್ಟೀಲಿನ ತಾಟುಗಳು, ಅಂಚಿಗೆ ತೂತು ಕೊರೆದು ತಂತಿ ಪೋಣಿಸಿ ಇಳಿಬಿಟ್ಟಂಥವು, ಬಿಸಿಲಿಗೆ ಫಳಫಳ ಹೊಳೆಯುತ್ತಿದ್ದವು.

ಆಗಿನ ಕಾಲಕ್ಕೆ ಸ್ಟೀಲಿನ ತಾಟೆಂದರೆ ಬಂಗಾರದ ತಂಗಿ. ಮಲ್ಲವ್ವನ ಲಗ್ನಕ್ಕೆಂದು ಈರವ್ವ ಮಸ್ಕಿಯ ಅಂಗಡಿಯಿಂದ ಒಂದೊಂದಾಗಿ ತಂದು ಹಳೆಯ ಸೀರೆಯಲ್ಲಿ ಸುತ್ತಿ ಇಟ್ಟ ತಾಟುಗಳವು. ಊಟಕ್ಕೆ ಒಮ್ಮೆಯೂ ಇಟ್ಟಿರಲಿಲ್ಲ. ಸ್ಟೀಲು ತುಕ್ಕು ಹಿಡಿಯುವುದಿಲ್ಲ, ಏಕೆಂದರೆ ಅದರೊಳಗೆ ಕ್ರೋಮಿಯಂ ಬೆರೆಸಿರುತ್ತಾರೆ. ನಾವು ನೀರಿನಿಂದ ತೆಗೆಯಲು ಹೆಣಗಾಡುತ್ತಿದ್ದ ವಸ್ತುವೇ ಅದರ ಹೊಳಪಿಗೆ ಕಾರಣ. ಅದು ಕಬ್ಬಿಣವನ್ನು ಕರಗಗೊಡುವುದಿಲ್ಲ. ಅಂಚಿನಲ್ಲಿ ಅಷ್ಟಿಷ್ಟು ಕರಗಿದರೂ ಅದರ ಜೊತೆಗೆ ಇನ್ನಷ್ಟು ಕ್ರೋಮಿಯಮ್ಮೇ ನೀರಿಗೆ ಬರುತ್ತದೆ.

"ಈರವ್ವ, ಇವನ್ನು ಯಾವಾಗ ಇಟ್ಟಿರಿ?" ಎಂದೆ. ನನ್ನ ದನಿ ನನಗೇ ಬೇರೆಯಾಗಿ ಕೇಳಿತು.

"ನಿನ್ನಿ ಮುಂಜಾನಿರೀ. ಸಾಹೇಬ್ರು ಬರಾಕತ್ತಾರ, ಹರಕ ತಗಡು ಹೆಂಗ ತೋರಸೂದು? ಇದೂ ಕಬ್ಬಿಣನ ಅಲ್ರೀ, ಚಲೋ ಕಬ್ಬಿಣ. ನೀರಾಗ ಒಂದು ಚೂರು ತುಕ್ಕು ಬಿಡಲಿಲ್ಲ ನೋಡ್ರಿ, ಕೆಸರು ಅಂತೂ ಇಲ್ಲೇ ಇಲ್ಲ." ಅವಳ ಮುಖದಲ್ಲಿ ಎಂಥ ಹೆಮ್ಮೆ! ಹಿಂದೆ ನಿಂತ ದುರುಗಪ್ಪನೂ ನಗುತ್ತಿದ್ದ. ತೊಟ್ಟಿಯ ನೀರನ್ನು ಹಿಂದಿನ ದಿನ ಕತ್ತಲಾದ ಮೇಲೆ ಹರವಿಗೆ ಇಳಿಸಿದ್ದರು, ಹರವಿಯ ಕಪ್ಪು ಒಡಲಿನಲ್ಲಿ ಅದರ ಬಣ್ಣ ಯಾರಿಗೂ ಕಂಡಿರಲಿಲ್ಲ.

ನಾನು ತಡೆಯುವಷ್ಟರಲ್ಲಿ ದೊಡ್ಡ ಸಾಹೇಬರ ಕೈಗೆ ಗಾಜಿನ ಲೋಟ ಬಂದಿತ್ತು. ನೀರು ಹಳದಿ. ಅವರು ಲೋಟವನ್ನು ನನ್ನ ಕಡೆ ಚಾಚಿದರು. ನನ್ನ ದ್ರಾವಣ ಬಿಡಲು ಹೇಳಿದರು, ಬಿಟ್ಟೆ. ನೇರಳೆ ಬಣ್ಣ ಲೋಟದ ತುಂಬ ಎದ್ದಿತು.

"ಸರ್, ತಟ್ಟೆ ಬದಲಾಗಿದೆ. ಹಳೆಯ ತಗಡು ಹಾಕಿ ನಾಳೆ ತೋರಿಸುತ್ತೇನೆ. ಒಂದೇ ದಿನ ಕೊಡಿ."

ಅವರು ಸಿಟ್ಟಾಗಲಿಲ್ಲ, ಅದೇ ನನಗೆ ಹೆಚ್ಚು ಉರಿಸಿತು. "ನೋಡಮ್ಮ, ನಿನ್ನ ವಿದ್ಯೆ ಸುಳ್ಳು ಅಂತ ನಾನು ಹೇಳ್ತಿಲ್ಲ. ಇವತ್ತು ತಟ್ಟೆ ಬದಲಾಯಿಸಿದಾರೆ. ನೀನು ವರ್ಗ ಆಗಿ ಹೋದ ಮೇಲೆ ಇನ್ನೇನು ಬದಲಾಯಿಸ್ತಾರೋ? ವಿಷದ ವಿಷಯ ಇದು. ಬಾವಿ ಮುಚ್ಚಿಸಿ."

ಅವರು ಹೇಳಿದ್ದರಲ್ಲಿ ಅರ್ಧ ನಿಜವಿತ್ತು. ಆ ಅರ್ಧವನ್ನು ನಾನು ಈವರೆಗೂ ನುಂಗಿಕೊಳ್ಳಲಾಗಿಲ್ಲ. ಇನ್ನರ್ಧದ ಬಗ್ಗೆ, ಬಾವಿ ಮುಚ್ಚಿದ ಮೇಲೆ ಇವರಿಗೆ ನೀರು ಎಲ್ಲಿಂದ ಎನ್ನುವುದರ ಬಗ್ಗೆ, ಜೀಪಿನೊಳಗೆ ಯಾರೂ ತಾವಾಗಿ ಮಾತೆತ್ತಲಿಲ್ಲ. ನಾನು ಕೇಳಿದ್ದಕ್ಕೆ, ಬಳಗಾನೂರು ಕಡೆ ಹೋಗಿ ಇರಲಿ, ಇವರೇನು ಖಾಯಂ ಊರಿನವರೇ ಎಂದು ನನ್ನ ಸಾಹೇಬರು ಹೇಳಿದರು.

ಜೀಪು ಹತ್ತುವ ಮೊದಲು ನಾನು ಈರವ್ವನ ಕಡೆ ತಿರುಗಿ ಕೂಗಾಡಿದ್ದೆ. ಏನು ಅಂದೆನೆಂದು ಪೂರ್ತಿ ನೆನಪಿಲ್ಲ. ಕಬ್ಬಿಣ ಕರಗಬೇಕು ಎಂದು ಎಷ್ಟು ಸಲ ಬಾಯಿ ಬಡಕೊಂಡೆ, ನಿಮ್ಮ ತಾಟು ಕರಗುತ್ತದೇನು ಎಂದು ಕಿರುಚಿದ್ದು ನೆನಪಿದೆ. ಅವಳು ತೊಟ್ಟಿಯೊಳಗೆ ಕೈಯಿಳಿಸಿ ತಾಟುಗಳನ್ನು ತೆಗೆದಳು. ಒಂದರ ಅಂಚು ಸೂಜಿ ಚುಚ್ಚಿದಂತೆ ಕಲೆಗಟ್ಟಿತ್ತು. ಸೆರಗಿನಿಂದ ಅದನ್ನೇ ಒರೆಸುತ್ತ ನಿಂತಳು.

"ಲಗ್ನದಾಗ ಇದ್ರಾಗ ಯಾರೂ ಉಣ್ಣೂಕಿಂತ ಮೊದ್ಲ, ನಿಮ್ಮ ಸಾಹೇಬ್ರ ಮುಂದ ಇಟ್ಟೆನಲ್ರೀ" ಎಂದಳು, ಅಷ್ಟೇ.

ಬಾವಿಗೆ ಚಪ್ಪಡಿ ಎಳೆದರು. ಆ ಬೇಸಿಗೆಯಲ್ಲೇ ಕ್ಯಾಂಪು ಕರಗಿತು. ಕೆಲವರು ಮಸ್ಕಿಗೆ, ಕೆಲವರು ಸಿಂಧನೂರಿಗೆ, ಈರವ್ವ ಮತ್ತು ದುರುಗಪ್ಪ ಮಗಳನ್ನು ಕರೆದುಕೊಂಡು ಜವಳಗೇರಾಕ್ಕೆ. ಗೋಡೆಯಿದ್ದ ಮನೆಯ ಬಾಗಿಲನ್ನು ಕಿತ್ತು ಗಾಡಿಯಲ್ಲಿ ಹಾಕಿಕೊಂಡು ಹೋದರೆಂದು ಕೇಳಿದೆ. ಕಾಲುವೆಗೆ ನೀರು ಬಿಡುವ ಹೊತ್ತಿಗೆ ನನಗೂ ವರ್ಗವಾಯಿತು. ಈರವ್ವ ಆಮೇಲೆ ವರ್ಷಕ್ಕೊಮ್ಮೆ ಯಾರ ಕೈಲಾದರೂ ಜೋಳದ ಹಿಟ್ಟು ಕಳಿಸುತ್ತಿದ್ದಳು. ನಾನು ತಿರುಗಿ ಏನೂ ಹೇಳಿ ಕಳಿಸಲಿಲ್ಲ. ಸಿಟ್ಟು ಅವಳ ಮೇಲಿತ್ತೋ, ಆ ಬಿಳಿ ಅಂಗಿಯ ಮೇಲೋ, ಗುಂಡಿಗೆ ವಿಷ ಸುರುವಿ ಆರಾಮಾಗಿ ಹೋದ ಆ ಗುತ್ತಿಗೆದಾರನ ಮೇಲೋ, ನನಗೇ ತಿಳಿಯದು. ಅವನ ಹೆಸರನ್ನು ಮಾತ್ರ ಆ ದಿನ ಯಾರೂ ಎತ್ತಲೇ ಇಲ್ಲ.

ಮಲ್ಲವ್ವ ಚಹಾ ತಂದಿಟ್ಟಳು. ಅವಳ ಕೂದಲೂ ಬೆಳ್ಳಗಾಗಿದೆ. ಹಾಲು ಹಾಕಿದ ಚಹಾ, ಆದರೂ ಬೂದಿ ಕಲೆಸಿದಂತೆ ಕಪ್ಪು. ನಾನು ಅವಳ ಮುಖ ನೋಡಿದೆ.

"ನೀರು ಎಲ್ಲಿಯದು ಮಲ್ಲವ್ವ?"

"ನಳದ್ದು ರೀ. ಚಲೋ ನೀರು, ನೀವು ಹೆದರಬ್ಯಾಡ್ರಿ. ಚಹಾ ಜರಾ ಕಪ್ಪಾಗತೈತಿ, ಬಂದವರೆಲ್ಲಾ ನಗ್ತಾರ." ಅವಳು ಎದ್ದು ಮೂಲೆಯ ಹರವಿಯ ಹತ್ತಿರ ನನ್ನನ್ನು ಕರೆದಳು. ಹರವಿಗೆ ಮುಚ್ಚಿದ್ದು ಒಂದು ಹಳೆಯ ಸ್ಟೀಲಿನ ತಾಟು, ಅಂಚಿಗೆ ಎರಡು ತೂತು. ಅದನ್ನು ಸರಿಸಿದಳು. ತಳದಲ್ಲಿ ಕಬ್ಬಿಣದ ಒಂದು ಕುಳ ಬಿದ್ದಿತ್ತು, ನೇಗಿಲಿನ ತುದಿಗೆ ಹಾಕುವಂಥದು, ಕೆಂಪಗೆ ತುಕ್ಕು ಹಿಡಿದು.

"ಇಲ್ಲಿಗೆ ಬಂದಾಗಿಂದ ಅವ್ವ ಹಾಕ್ಕೊಂತ ಬಂದಾಳ. ಸವದ್ರ ಕಮ್ಮಾರರ ಕಡಿಂದ ಮತ್ತೊಂದು ತರ್ತಿದ್ಳು. ಬೇಕಾರ್ ಐತಿ ತಗಿ ಬೇ ಅಂದ್ರ, ಸುಮ್ಕಿರು, ಕಬ್ಬಿಣ ಕರಗಬೇಕು ಅಂತ ಅಕ್ಕಾರು ಹೇಳ್ಯಾರ, ಅವತ್ತ ನಾ ಕೇಳಲಿಲ್ಲ ಅಂತಿದ್ಳು." ಮಲ್ಲವ್ವ ನನ್ನ ಕಡೆ ತಿರುಗಿದಳು. "ನೀವ ಬಂದೀರಿ, ಹೇಳಿಬಿಡ್ರಿ. ಇದು ಬೇಕೇನ್ರಿ, ತಗದುಬಿಡ್ಲೇನ್ರಿ?"

ನಳದ ನೀರಿಗೆ ಅದರ ಅವಶ್ಯಕತೆ ಇಲ್ಲ. ಕರೆಂಟಿಲ್ಲದೆ ಸುಮ್ಮನೆ ಬಿದ್ದ ಕಬ್ಬಿಣದಿಂದ ಆಗುವುದೂ ಅಷ್ಟರಲ್ಲೇ ಇದೆ. ಎರಡು ಮಾತಿನಲ್ಲಿ ಹೇಳಿ ಮುಗಿಸಬಹುದಿತ್ತು, ಬಾಯಿಯವರೆಗೆ ಬಂದೂ ಇತ್ತು. ನಾನು ಹರವಿಯೊಳಗೆ ಕೈಯಿಳಿಸಿ ಕುಳವನ್ನು ಎತ್ತಿದೆ. ಅದರ ಅಂಚು ಒಣಗಿದ ಎಲೆಯಷ್ಟು ತೆಳ್ಳಗಾಗಿ, ಬೆರಳಿನಲ್ಲಿ ಒತ್ತಿದರೆ ಪುಡಿಯಾಗುತ್ತಿತ್ತು. ಹೇಗೆ ಕರಗಬೇಕೆಂದು ಆ ಬೇಸಿಗೆಯೆಲ್ಲ ಬಾಯಿ ಬಡಕೊಂಡಿದ್ದೆನೋ ಹಾಗೆಯೇ ಕರಗಿತ್ತು.

"ಇದು ಭಾಳ ತೆಳ್ಳಗಾಗೇತಿ ಮಲ್ಲವ್ವ," ಎಂದೆ. "ಬ್ಯಾರೆದು ಹಾಕು."